ಶಿಲುಬೆಯ ಅರಸ, ಸಂಕೋಲೆಯ ಪ್ರಜೆ

1526ರ ಜುಲೈ 6. ಆಫ್ರಿಕಾ ಖಂಡದ ಪಶ್ಚಿಮ ಕಡಲಿನಿಂದ ಬಹುದೂರ, ಒಳನಾಡಿನ ಎತ್ತರದ ನೆಲದ ಮೇಲಿದ್ದ ಎಂಬಾಂಜಾ ಕೊಂಗೊ ಎಂಬ ರಾಜಧಾನಿಯಲ್ಲಿ ಅರಸನೊಬ್ಬನು ಪತ್ರವೊಂದನ್ನು ಬರೆಯಿಸಿದನು. ಅದು ಪೋರ್ಚುಗಲ್ ದೇಶದ ದೊರೆಗೆ ಸಲ್ಲಬೇಕಾದ ಪತ್ರ. ಬರೆಯಿಸಿದವನು ಕಪ್ಪು ವರ್ಣದ ಕ್ರೈಸ್ತ ಅರಸ, ಓದಬೇಕಾದವನು ಬಿಳಿಯ ವರ್ಣದ ಕ್ರೈಸ್ತ ಅರಸ. ಕೊಂಗೊ ಅರಸನು ಪೋರ್ಚುಗಲ್ಲಿನ ದೊರೆಯನ್ನು ಸಹೋದರನೆಂದೇ ಸಂಬೋಧಿಸುತ್ತಿದ್ದನು. ಆ ಸಹೋದರನ ಮುಂದೆ ಆತ ಇಟ್ಟ ಅಳಲು ಇಷ್ಟು: ನಿಮ್ಮ ವರ್ತಕರು ನನ್ನ ನೆಲದ ಮಕ್ಕಳನ್ನು, ಕುಲೀನರ ಪುತ್ರರನ್ನು, ಕಡೆಗೆ ನನ್ನ ಬಂಧುಗಳನ್ನೂ ದಿನದಿನವೂ ಹಿಡಿದೊಯ್ಯುತ್ತಿದ್ದಾರೆ, ನನ್ನ ನಾಡು ಬರಿದಾಗುತ್ತಿದೆ. ಆತ ಬೇಡಿದ್ದಾದರೂ ಏನು? ಸರಕು ಬೇಡ, ವರ್ತಕರು ಬೇಡ. ಕೆಲವು ಮಂದಿ ಗುರುಗಳು, ಶಾಲೆಗಳಲ್ಲಿ ಕಲಿಸಲು ಕೆಲವು ಉಪಾಧ್ಯಾಯರು, ಬಲಿಪೂಜೆಗೆ ಬೇಕಾದ ದ್ರಾಕ್ಷಾರಸ ಮತ್ತು ಗೋಧಿಹಿಟ್ಟು ಇಷ್ಟೇ ಸಾಕು.

ಈ ಅರಸನ ಹೆಸರು ಎಂವೆಂಬಾ ಅ ಎನ್ಜಿಂಗಾ. ದೀಕ್ಷಾಸ್ನಾನದ ಹೆಸರು ಅಫೊನ್ಸೊ. ಅಟ್ಲಾಂಟಿಕ್ ಸಾಗರದ ಗುಲಾಮ ವ್ಯಾಪಾರದ ಇತಿಹಾಸವನ್ನು ಹಡಗುಗಳ ಲೆಕ್ಕಪತ್ರಗಳಿಂದ ಓದುವುದು ವಾಡಿಕೆ. ಆದರೆ ಆ ವ್ಯಾಪಾರದ ಮೊದಲ ಘಟ್ಟದಲ್ಲಿಯೇ ಆಫ್ರಿಕಾದ ಅರಸನೊಬ್ಬನು ತನ್ನದೇ ಮಾತುಗಳಲ್ಲಿ ದಾಖಲಿಸಿದ ವೇದನೆ ಇಂದಿಗೂ ಉಳಿದುಬಂದಿದೆ. ಅವನ ಇಪ್ಪತ್ತಕ್ಕೂ ಹೆಚ್ಚು ಪತ್ರಗಳು ನಮಗೆ ಲಭ್ಯವಿವೆ. ಕ್ರೈಸ್ತರಾದ ನಾವು ಆ ಪತ್ರಗಳನ್ನು ಓದುವಾಗ ಹೆಮ್ಮೆ, ಲಜ್ಜೆಗಳೆರಡೂ ಒಟ್ಟಿಗೇ ಮೂಡುತ್ತವೆ.

ನದಿಯ ಮುಖದಲ್ಲಿ ಭೇಟಿ

ಪೋರ್ಚುಗೀಸ್ ನಾವಿಕ ದಿಯೊಗೊ ಕಾವ್ ಕಾಂಗೊ ಮಹಾನದಿಯ ಮುಖವನ್ನು ತಲುಪಿದ್ದು 1483ರ ಸುಮಾರಿಗೆ. ಅಲ್ಲಿ ಅವನು ಕಂಡದ್ದು ಅನಾಗರಿಕರ ಗುಂಪನ್ನಲ್ಲ, ಸುವ್ಯವಸ್ಥಿತ ರಾಜ್ಯವನ್ನು. ಪ್ರಾಂತಗಳು, ಪ್ರಾಂತಾಧಿಪತಿಗಳು, ಕಪ್ಪಕಾಣಿಕೆಯ ಪದ್ಧತಿ, ಎನ್ಜಿಂಬು ಎಂಬ ಕವಡೆಯಂತಹ ಚಿಪ್ಪಿನ ನಾಣ್ಯ, ತಾಳೆ ಜಾತಿಯ ಮರದ ಎಳೆಯಿಂದ ನೇಯ್ದ ರೇಷ್ಮೆಯಂತಹ ಬಟ್ಟೆ, ಕಬ್ಬಿಣ ಮತ್ತು ತಾಮ್ರದ ಕುಶಲ ಕೆಲಸ, ಇವೆಲ್ಲವೂ ಅಲ್ಲಿದ್ದವು. ಆ ಚಿಪ್ಪುಗಳು ದೊರೆಯುತ್ತಿದ್ದ ಲುವಾಂಡಾ ದ್ವೀಪವು ಅರಸನ ಸ್ವಾಮ್ಯದಲ್ಲಿತ್ತು.

1491ರ ಮೇ ತಿಂಗಳಲ್ಲಿ ಅರಸ ಎನ್ಜಿಂಗಾ ಅ ಎನ್ಕುವು ದೀಕ್ಷಾಸ್ನಾನ ಪಡೆದು ಜೊವಾವ್ ಎಂಬ ಹೆಸರು ತಳೆದನು. ಎನ್ಸುಂಡಿ ಪ್ರಾಂತವನ್ನು ಆಳುತ್ತಿದ್ದ ಅವನ ಮಗನೂ ಅದೇ ವರ್ಷ ಕ್ರೈಸ್ತನಾಗಿ ಅಫೊನ್ಸೊ ಎನಿಸಿಕೊಂಡನು. ಕಾಲಕ್ರಮೇಣ ತಂದೆಯ ಉತ್ಸಾಹ ತಣ್ಣಗಾಯಿತು. ಮಗನದು ಮಾತ್ರ ಬೇರೂರಿದ ವಿಶ್ವಾಸ. ತಂದೆಯ ಮರಣಾನಂತರ, 1509ರ ಹೊತ್ತಿಗೆ (ಹಳೆಯ ಗ್ರಂಥಗಳ ಪ್ರಕಾರ 1506ರಲ್ಲಿ), ಪಟ್ಟಕ್ಕಾಗಿ ಅಣ್ಣತಮ್ಮಂದಿರ ನಡುವೆ ಕಾಳಗವಾಯಿತು. ಅಲ್ಪಸಂಖ್ಯೆಯ ಬೆಂಬಲಿಗರೊಡನೆ ನಿಂತ ಅಫೊನ್ಸೊ ಗೆದ್ದನು. ಆಕಾಶದಲ್ಲಿ ಶಿಲುಬೆಯ ಗುರುತು ಕಾಣಿಸಿತೆಂದೂ, ಸಂತ ಯಕೋಬರು ಅಶ್ವಾರೂಢರಾಗಿ ತನ್ನ ಪರವಾಗಿ ಹೋರಾಡಿದರೆಂದೂ ಆತ ಬರೆಯಿಸಿದನು. ರೋಮಿನ ಚಕ್ರವರ್ತಿ ಕಾನ್‌ಸ್ಟಂಟೈನನ ಕಥೆಯನ್ನು ಬಲ್ಲವರಿಗೆ ಇದು ಪರಿಚಿತ ದೃಶ್ಯವೇ.

ಓದುವ ಅರಸ

ಅಫೊನ್ಸೊವಿನ ಕ್ರೈಸ್ತ ವಿಶ್ವಾಸವು ಬರಿಯ ರಾಜಕೀಯ ತಂತ್ರವೆಂದು ತಳ್ಳಿಹಾಕುವವರುಂಟು. ಪೋರ್ಚುಗಲ್ಲಿನ ಮೈತ್ರಿಯಿಂದ ಅವನಿಗೆ ಲಾಭವಾದದ್ದು ನಿಜ. ಆದರೆ ಅವನನ್ನು ಹತ್ತಿರದಿಂದ ಕಂಡ ಗುರು ರುಯಿ ದೆ ಅಗಿಯಾರ್ 1516ರಲ್ಲಿ ಬರೆದ ವರದಿ ಬೇರೆಯೇ ಚಿತ್ರವನ್ನು ಕೊಡುತ್ತದೆ. ಅರಸನು ಶುಭಸಂದೇಶವನ್ನೂ ಸಂತರ ಚರಿತ್ರೆಗಳನ್ನೂ ಓದುತ್ತಾ ಪುಸ್ತಕದ ಮೇಲೆಯೇ ನಿದ್ರೆಹೋಗುತ್ತಿದ್ದನಂತೆ. ದೇವರ ವಿಷಯ ಮಾತನಾಡತೊಡಗಿದರೆ ಅನ್ನಪಾನಗಳನ್ನು ಮರೆಯುತ್ತಿದ್ದನಂತೆ. ಬಲಿಪೂಜೆ ಮುಗಿದ ಮೇಲೆ ತಾನೇ ಪ್ರಜೆಗಳಿಗೆ ಬೋಧಿಸುತ್ತಿದ್ದನಂತೆ. ರಾಜಧಾನಿಯಲ್ಲಿ ನಾನೂರು ಬಾಲಕರಿಗೆ ಶಾಲೆ ಕಟ್ಟಿಸಿದ ಸಂಗತಿಯನ್ನು ಅವನೇ 1514ರ ಪತ್ರದಲ್ಲಿ ತಿಳಿಸಿದ್ದಾನೆ. ಹೆಣ್ಣುಮಕ್ಕಳಿಗೂ ಪಾಠ ನಡೆಯುತ್ತಿತ್ತು. ಅಲ್ಲಿ ಕಲಿಸುತ್ತಿದ್ದವಳು ಅರವತ್ತು ದಾಟಿದ ವಯಸ್ಸಿನ ಅರಸನ ಸೋದರಿ.

ಹೊಸ ಧರ್ಮವು ನಾಡಿನ ನುಡಿಯಲ್ಲಿಯೇ ಬೇರುಬಿಟ್ಟಿತೆಂಬುದು ಗಮನಾರ್ಹ. ಗುರುವಿಗೆ ಕೊಂಗೊ ಜನ ತಮ್ಮ ಹಳೆಯ 'ಎನ್‌ಗಂಗಾ' ಎಂಬ ಪದವನ್ನೇ ಬಳಸಿದರು. ಪವಿತ್ರವಾದುದಕ್ಕೆ 'ಎನ್ಕಿಸಿ' ಎಂಬ ತಮ್ಮದೇ ಶಬ್ದವನ್ನು ಕೊಟ್ಟರು. ಗುರು, ಪೂಜೆ, ಪ್ರಸಾದ ಎಂಬ ಈ ಮಣ್ಣಿನ ಶಬ್ದಗಳಲ್ಲಿಯೇ ನಮ್ಮ ಆರಾಧನೆಯನ್ನು ನಡೆಸುತ್ತಿರುವ ಕನ್ನಡ ಕ್ರೈಸ್ತರಿಗೆ ಇದರ ಅರ್ಥವನ್ನು ವಿವರಿಸಬೇಕಾಗಿಲ್ಲ.

ಅಫೊನ್ಸೊ ತನ್ನ ಮಗ ಹೆನ್ರಿಕ್‌ನನ್ನು ಗುರುದೀಕ್ಷೆಯ ತರಬೇತಿಗಾಗಿ ಲಿಸ್ಬನ್ನಿನ ಮಠಕ್ಕೆ ಕಳುಹಿಸಿದ್ದನು. ಜಗದ್ಗುರು ಹತ್ತನೆಯ ಲಿಯೋ 1518ರಲ್ಲಿ ಈ ತರುಣನನ್ನು, ನಿಯಮದಂತೆ ವಯಸ್ಸು ಸಾಲದಿದ್ದರೂ, ಉಟಿಕ ಎಂಬ ಪ್ರಾಚೀನ ಪೀಠದ ಹೆಸರಿನಲ್ಲಿ ಧರ್ಮಾಧ್ಯಕ್ಷರನ್ನಾಗಿ ನೇಮಿಸಿದರು. 1521ರಲ್ಲಿ ಹೆನ್ರಿಕ್ ತಾಯ್ನಾಡಿಗೆ ಮರಳಿದರು. ಸುಮಾರು ಹತ್ತು ವರ್ಷಗಳ ನಂತರ ಅಸ್ವಸ್ಥರಾಗಿಯೇ ಮರಣ ಹೊಂದಿದರು. ಅವರ ಬಳಿಕ ಸಹಾರಾದ ದಕ್ಷಿಣದ ಕಪ್ಪು ಜನರಲ್ಲೊಬ್ಬರು ರೋಮನ್ ಕಥೋಲಿಕ ಧರ್ಮಾಧ್ಯಕ್ಷರಾಗಲು 1939ರಲ್ಲಿ ಉಗಾಂಡದ ಜೋಸೆಫ್ ಕಿವಾನುಕ ಅವರು ಅಭಿಷಿಕ್ತರಾಗುವವರೆಗೆ ಕಾಯಬೇಕಾಯಿತು. ನಾಲ್ಕು ಶತಮಾನಗಳ ಈ ದೀರ್ಘ ಮೌನಕ್ಕೆ ಕಾರಣವೇನೆಂದು ಕೇಳಿದರೆ, ಉತ್ತರವನ್ನು ಹಡಗುಗಳಲ್ಲಿ ಹುಡುಕಬೇಕಾಗುತ್ತದೆ.

ಮರಳುವ ಹಡಗು ಬರಿದಾಗಿರಬಾರದು

1512ರಲ್ಲಿ ಪೋರ್ಚುಗಲ್ಲಿನ ದೊರೆ ಮನುವೆಲ್ ಕೊಂಗೊಕ್ಕೆ ರಾಯಭಾರಿಯೊಬ್ಬನನ್ನು ನೇಮಿಸಿ ವಿವರವಾದ ಆದೇಶಪತ್ರವನ್ನು ಕೊಟ್ಟನು. ಆಸ್ಥಾನದ ಶಿಷ್ಟಾಚಾರ, ನ್ಯಾಯಪದ್ಧತಿ, ಧರ್ಮಬೋಧನೆ ಎಲ್ಲವೂ ಅದರಲ್ಲಿದ್ದವು. ದೇವರ ಸೇವೆಯೇ ಮುಖ್ಯ ಉದ್ದೇಶವೆಂದು ಹೇಳುವ ಅದೇ ಪತ್ರ, ಇಷ್ಟು ಖರ್ಚಿನ ಮೇಲೆ ಹಡಗುಗಳು ಬರಿದಾಗಿ ಮರಳಬಾರದೆಂದೂ, ಗುಲಾಮರನ್ನೂ ತಾಮ್ರವನ್ನೂ ಆನೆದಂತವನ್ನೂ ತುಂಬಿಕೊಂಡು ಬರಬೇಕೆಂದೂ ಸೂಚಿಸಿತು. ಒಂದೇ ಕಾಗದದ ಮೇಲೆ, ಒಂದೇ ಮಸಿಯಲ್ಲಿ ಶುಭಸಂದೇಶವೂ ಸಂಕೋಲೆಯೂ!

ಗಿನಿ ಕೊಲ್ಲಿಯ ಸಾವೊ ತೊಮೆ ಎಂಬ ಪುಟ್ಟ ದ್ವೀಪವು ಈ ವ್ಯಾಪಾರದ ಕೇಂದ್ರವಾಗಿತ್ತು. ಪೋರ್ಚುಗೀಸರು ಬರುವವರೆಗೆ ನಿರ್ಜನವಾಗಿದ್ದ ಆ ದ್ವೀಪದಲ್ಲಿ ಕಬ್ಬಿನ ತೋಟಗಳೆದ್ದವು. ಕಬ್ಬಿಗೆ ಕೈಗಳು ಬೇಕು. ಆ ಕೈಗಳು ಕೊಂಗೊದ ಎಂಪಿಂಡಾ ಬಂದರಿನಿಂದ ಬಂದವು. ಅಲ್ಲಿಂದ ಕೆಲವರನ್ನು ಪಶ್ಚಿಮ ಆಫ್ರಿಕಾದ ಎಲ್ಮಿನ ಕೋಟೆಗೆ ಒಯ್ದು ಚಿನ್ನಕ್ಕೆ ವಿನಿಮಯ ಮಾಡಿದರು. ಕೆಲವರನ್ನು ಲಿಸ್ಬನ್ನಿಗೆ, ಮುಂದೆ ಅಮೆರಿಕದ ನೆಲಕ್ಕೆ ಸಾಗಿಸಿದರು. 1530ರ ದಶಕದಲ್ಲಿ ಎಂಪಿಂಡಾದಿಂದ ವರ್ಷಕ್ಕೆ ನಾಲ್ಕೈದು ಸಾವಿರ ಮಂದಿ ಹೀಗೆ ಹೊರಟರೆಂಬುದು ಇತಿಹಾಸಕಾರರ ಅಂದಾಜು.

ಸಾಗಿಸಿದವರಲ್ಲಿ ವರ್ತಕರು ಮಾತ್ರವಿರಲಿಲ್ಲ. 1514ರ ಅಕ್ಟೋಬರ್ 5ರ ದೀರ್ಘ ಪತ್ರದಲ್ಲಿ ಅಫೊನ್ಸೊ ದೂರಿದ್ದು ಧರ್ಮಬೋಧಕರನ್ನು ಕುರಿತು. ಬೋಧಿಸಲು ಬಂದ ಗುರುಗಳಲ್ಲಿ ಹಲವರು ಸಮುದಾಯದ ಬಾಳನ್ನು ತೊರೆದು ಬೇರೆ ಬೇರೆ ಮನೆ ಮಾಡಿದರು, ಸ್ತ್ರೀಯರನ್ನು ಇಟ್ಟುಕೊಂಡರು, ಕೊಟ್ಟ ಹಣದಿಂದ ಆಳುಗಳನ್ನು ಕೊಂಡುಕೊಂಡರು. ದೇವಾಲಯ ಕಟ್ಟಲು ಬಂದ ಕಲ್ಲುಕುಟಿಗರೂ ಅದೇ ದಾರಿ ಹಿಡಿದರು. ಸಾವೊ ತೊಮೆಯ ಅಧಿಪತಿಯು ಅರಸನ ಪತ್ರಗಳನ್ನೂ ಕಾಣಿಕೆಗಳನ್ನೂ ನಡುದಾರಿಯಲ್ಲೇ ತಡೆಯುತ್ತಿದ್ದನು. ತಾನು ಬೋಧಿಸುವ ಧರ್ಮವನ್ನು ಬೋಧಕರೇ ಅಣಕಿಸುವುದನ್ನು ಕಂಡು ಪ್ರಜೆಗಳ ಮುಂದೆ ತಲೆತಗ್ಗಿಸಬೇಕಾದ ಅರಸನ ಸ್ಥಿತಿಯನ್ನು ಊಹಿಸಿಕೊಳ್ಳಿ.

ಬೇಲಿಯನ್ನು ದಾಟಿದ ಆಸೆ

ಕೊಂಗೊದಲ್ಲಿ ಗುಲಾಮಗಿರಿ ಪೋರ್ಚುಗೀಸರಿಗಿಂತ ಮೊದಲೂ ಇತ್ತೆಂಬುದನ್ನು ಮರೆಮಾಚಬೇಕಾಗಿಲ್ಲ. ಯುದ್ಧದಲ್ಲಿ ಸೆರೆಸಿಕ್ಕವರು, ಘೋರ ಅಪರಾಧಿಗಳು ದಾಸರಾಗುತ್ತಿದ್ದರು. ಆದರೆ ಅದಕ್ಕೊಂದು ಬೇಲಿಯಿತ್ತು: ಸ್ವತಂತ್ರವಾಗಿ ಹುಟ್ಟಿದ ಕೊಂಗೊ ಪ್ರಜೆಯನ್ನು ಹೊರಗೆ ಮಾರುವಂತಿರಲಿಲ್ಲ. ಕಡಲಾಚೆಯ ಬೇಡಿಕೆ ಮುರಿದದ್ದು ಈ ಬೇಲಿಯನ್ನೇ.

ಅದು ಹೇಗೆ ಮುರಿಯಿತೆಂಬುದನ್ನು ಅಫೊನ್ಸೊ ಸ್ಪಷ್ಟವಾಗಿ ಅರಿತಿದ್ದನು. ಮೊದಲು ವಿದೇಶಿ ಸರಕು ಅರಸನ ಕೈಯಿಂದ ಸಾಮಂತರಿಗೆ ಸಲ್ಲುತ್ತಿತ್ತು; ಆ ಕೊಡುಗೆಯೇ ನಿಷ್ಠೆಯ ಬುನಾದಿ. ಈಗ ವರ್ತಕರು ನೇರವಾಗಿ ಸಾಮಂತರ ಬಾಗಿಲಿಗೆ ಹೋದರು. ಹಿಂದೆ ಕೈಕಟ್ಟಿ ನಿಂತಿದ್ದವರು ಅರಸನಿಗಿಂತ ಹೆಚ್ಚು ಸರಕು ಗಳಿಸಿ ತಲೆಯೆತ್ತಿದರು. ಸರಕಿಗೆ ಬೆಲೆ ತೆರಲು ಸೆರೆಯಾಳು ಬೇಕು. ಯುದ್ಧವಿಲ್ಲದಾಗ ನೆರೆಮನೆಯವನೇ ಸೆರೆಯಾಳಾದನು. ಕಳ್ಳರು ರಾತ್ರಿಯ ಹೊತ್ತು ಜನರನ್ನು ಹಿಡಿದು, ಬರೆ ಹಾಕಿ ಮಾರಿದರು. ಅಣ್ಣಂದಿರು ಯೋಸೇಫನನ್ನು ಇಪ್ಪತ್ತು ಬೆಳ್ಳಿನಾಣ್ಯಕ್ಕೆ ಮಾರಿದ ಕಥೆ ಒಂದು ನಾಡಿನ ನಿತ್ಯದ ವರ್ತನೆಯಾಗಿ ಪರಿಣಮಿಸಿತು.

ಆರಂಭದಲ್ಲಿ ಉಲ್ಲೇಖಿಸಿದ ಜುಲೈ ತಿಂಗಳ ಪತ್ರದಲ್ಲಿ ಅರಸನು ಈ ನಾಡಿನಲ್ಲಿ ಗುಲಾಮರ ವ್ಯಾಪಾರವೇ ಇರಬಾರದೆಂಬುದು ತನ್ನ ಇಚ್ಛೆಯೆಂದು ಸಾರಿದನು. ಮೂರು ತಿಂಗಳ ಬಳಿಕ, ಅಕ್ಟೋಬರ್ 18ರ ಪತ್ರದಲ್ಲಿ ಅವನ ಸ್ವರ ಬದಲಾಗಿದೆ. ವ್ಯಾಪಾರವನ್ನು ನಿಲ್ಲಿಸುವ ಮಾತಿಲ್ಲ. ಬದಲಿಗೆ ಮೂವರು ಅಧಿಕಾರಿಗಳ ತನಿಖಾ ಮಂಡಳಿ. ಆಳನ್ನು ಕೊಳ್ಳಬಯಸುವವನು ಮೊದಲು ಅವರಿಗೆ ತಿಳಿಸಬೇಕು. ಕೊಂಡ ವ್ಯಕ್ತಿ ನಿಜವಾಗಿ ಸೆರೆಯಾಳೋ ಅಥವಾ ಸ್ವತಂತ್ರ ಪ್ರಜೆಯೋ ಎಂದು ಅವರು ಪರೀಕ್ಷಿಸಬೇಕು. ಅದೇ ದಿನ ಬರೆಯಿಸಿದ ಮತ್ತೊಂದು ಪತ್ರದಲ್ಲಿ ರೋಗಗಳಿಂದ ಸಾಯುತ್ತಿರುವ ಪ್ರಜೆಗಳಿಗಾಗಿ ವೈದ್ಯರನ್ನೂ ಔಷಧಿಕಾರರನ್ನೂ ಕಳುಹಿಸಬೇಕೆಂದು ಬೇಡಿದ್ದಾನೆ.

1529ರಲ್ಲಿ ದೊರೆ ಮೂರನೆಯ ಜೊವಾವ್‌ನಿಂದ ಉತ್ತರ ಬಂತು. ಅದರ ತಾತ್ಪರ್ಯವಿಷ್ಟು: ಕೊಂಗೊ ವಿಶಾಲವಾದ ನಾಡು, ಜನಭರಿತವಾದದ್ದು, ಇಷ್ಟು ಜನ ಹೊರಗೆ ಹೋದರೆ ಅದೇನೂ ಬರಿದಾಗದು. ವ್ಯಾಪಾರವಿಲ್ಲದೆ ಹೋದರೆ ಅರಸನ ಹಿರಿಮೆಗೇ ಕುಂದು. ಬೇಕಿದ್ದರೆ ಒಳನಾಡಿನ ಪೊಂಬೊ ಸಂತೆಯಲ್ಲಿ ನಂಬಿಕೆಯ ಸೇವಕರಿಬ್ಬರನ್ನು ನಿಲ್ಲಿಸಿ, ಅವರ ಮೂಲಕವೇ ಖರೀದಿ ನಡೆಯಲಿ. ಸಹೋದರನ ಕಣ್ಣೀರಿಗೆ ಸಹೋದರನು ಕೊಟ್ಟ ಉತ್ತರ ಇದು, ಒಬ್ಬ ದಕ್ಷ ಗುಮಾಸ್ತನ ಸಲಹೆ!

ಅರಸನ ಕೈಯೂ ಶುದ್ಧವಲ್ಲ

ಇಲ್ಲಿಗೆ ಕಥೆಯನ್ನು ಮುಗಿಸಿದ್ದರೆ ಅಫೊನ್ಸೊವನ್ನು ಸಂತನೆಂದು ಕರೆದು ನಾವು ನೆಮ್ಮದಿಯಿಂದ ಇರಬಹುದಿತ್ತು. ಆದರೆ ಇತಿಹಾಸವು ಅಂತಹ ನೆಮ್ಮದಿಯನ್ನು ಕೊಡುವುದಿಲ್ಲ. ತನ್ನ ಪ್ರಜೆಗಳ ಮಾರಾಟವನ್ನು ಪ್ರತಿಭಟಿಸಿದ ಈ ಅರಸನೇ ಇತರರನ್ನು ಮಾರಿದ್ದನು. ನೆರೆಯ ನಾಡುಗಳ ಮೇಲೆ ದಂಡೆತ್ತಿ ಹೋಗಿ ಸೆರೆಹಿಡಿದವರನ್ನು ಅವನು ಪೋರ್ಚುಗಲ್ಲಿಗೆ ಕಳುಹಿಸಿದನು. ಅಲ್ಲಿ ಓದುತ್ತಿದ್ದ ಬಂಧುಗಳ ಖರ್ಚಿಗೂ, ದೇವಾಲಯಕ್ಕೆ ಬೇಕಾದ ವಸ್ತುಗಳ ಬೆಲೆಗೂ ಮನುಷ್ಯರನ್ನೇ ತೆತ್ತನು. ಬೋಧಕರು ಆಳುಗಳನ್ನು ಕೊಂಡರೆಂದು ದೂರಿದ ಅರಸನು ಅವರಿಗೆ ಹಣ ಕೊಟ್ಟವನೂ ಹೌದು. 1540ರಲ್ಲಿ, ಆಳ್ವಿಕೆಯ ಸಂಜೆಯಲ್ಲಿ, ಪೋರ್ಚುಗಲ್ಲಿನ ಖಜಾನೆಗೆ ಗಿನಿಯ ಉಳಿದೆಲ್ಲ ಬಂದರುಗಳಿಗಿಂತ ತನ್ನ ನಾಡೊಂದರಿಂದಲೇ ಹೆಚ್ಚು ಲಾಭವೆಂದು ಹೇಳಿಕೊಂಡವನೂ ಇವನೇ.

ಹಾಗಾದರೆ 1526ರ ಕಣ್ಣೀರು ಸುಳ್ಳೇ? ಹಾಗೆಂದು ನಾನು ಭಾವಿಸಲಾರೆ. ಅವನು ನಿಜವಾಗಿಯೇ ಮರುಗಿದ್ದನು. ಆದರೆ ಆ ಮರುಕಕ್ಕೆ ಒಂದು ಗಡಿಯಿತ್ತು. ಗಡಿಯೊಳಗಿನವರು ನಮ್ಮ ನೆಲದ ಮಕ್ಕಳು, ಗಡಿಯಾಚೆಯವರು ಸೆರೆಯಾಳುಗಳು. ಅಕ್ಟೋಬರಿನ ತನಿಖಾ ಮಂಡಳಿಯು ಕಾಯ್ದದ್ದು ಈ ಗಡಿಯನ್ನೇ. ಮಾರಾಟಕ್ಕೆ ತಂದವನು ನಮ್ಮವನೋ ಅಲ್ಲವೋ ಎಂದು ಅದು ವಿಚಾರಿಸಿತೇ ಹೊರತು, ಮನುಷ್ಯನನ್ನು ಮಾರಬಹುದೇ ಎಂದು ಕೇಳಲಿಲ್ಲ. ನೆರೆಯವನು ಯಾರೆಂದು ಪ್ರಭು ಯೇಸುವನ್ನು ಪ್ರಶ್ನಿಸಿದ ಧರ್ಮಶಾಸ್ತ್ರಿಯ ಮುಂದೆ ಸಮಾರಿಯದವನನ್ನು ತಂದು ನಿಲ್ಲಿಸಿದ ಶುಭಸಂದೇಶವನ್ನು ಅರಸನು ಎಷ್ಟೋ ರಾತ್ರಿ ಓದಿರಬೇಕು. ಓದಿದರೂ ಆ ಒಂದು ಪುಟ ಅವನಿಗೆ ಪೂರ್ತಿಯಾಗಿ ತೆರೆಯಲಿಲ್ಲ. ಅವನಿಗೆ ಕಲಿಸಲು ಬಂದವರಿಗಂತೂ ಅದು ಇನ್ನೂ ಕಡಿಮೆ ತೆರೆದಿತ್ತು.

ಒಂದು ಅನ್ಯಾಯವನ್ನು ನಮ್ಮವರಿಗೆ ಮಾತ್ರ ಆಗಬಾರದೆಂದು ತಡೆಯಹೊರಟರೆ, ಆ ತಡೆ ನಮ್ಮವರನ್ನೂ ಕಾಯುವುದಿಲ್ಲ. ಗಡಿಯಾಚೆ ತೆರೆದ ಸಂತೆ ಗಡಿಯೊಳಕ್ಕೂ ಹರಡಿಯೇ ತೀರುತ್ತದೆ. ಅಫೊನ್ಸೊವಿನ ಸ್ವಂತ ಮನೆಯಲ್ಲಿಯೇ ಇದು ಸಂಭವಿಸಿತು. ಧಾರ್ಮಿಕ ಶಿಕ್ಷಣಕ್ಕಾಗಿ ಪೋರ್ಚುಗಲ್ಲಿಗೆ ಹೊರಟ ಅವನ ಮೊಮ್ಮಕ್ಕಳೂ ಸೋದರಳಿಯಂದಿರೂ ಸೇರಿದ ತರುಣರ ತಂಡವೊಂದು ದಾರಿಯಲ್ಲಿ ಕಾಣೆಯಾಯಿತು. ಅವರನ್ನು ಬ್ರೆಜಿಲ್ ದೇಶಕ್ಕೆ ಗುಲಾಮರಾಗಿ ಸಾಗಿಸಲಾಗಿತ್ತು. ಬದುಕಿದ್ದಾರೋ ಸತ್ತಿದ್ದಾರೋ ತಿಳಿಯದೆ, ಅವರ ತಂದೆತಾಯಂದಿರಿಗೆ ಏನು ಹೇಳಬೇಕೆಂದೂ ತೋಚದೆ ಮುದಿ ಅರಸನು ಹಲುಬಿದನು.

1540ರ ಸುಮಾರಿಗೆ ಪಾಸ್ಖ ಹಬ್ಬದ ದಿನ ದೇವಾಲಯದಲ್ಲಿ ಬಲಿಪೂಜೆಯ ವೇಳೆ ಕೆಲವು ಪೋರ್ಚುಗೀಸರು ಅವನ ಮೇಲೆ ಗುಂಡು ಹಾರಿಸಿದರು. ಸಂಚಿನ ಹಿಂದೆ ಒಬ್ಬ ಸಂನ್ಯಾಸಿಯೂ ಇದ್ದನು. ಗುಂಡು ಅರಸನ ಉಡುಪಿನ ಅಂಚನ್ನು ತೂರಿಹೋಯಿತು. ಆಸ್ಥಾನದವನೊಬ್ಬನು ಸತ್ತನು, ಇಬ್ಬರು ಗಾಯಗೊಂಡರು. ಪುನರುತ್ಥಾನದ ಹಬ್ಬದಂದು, ಪೀಠದ ಮುಂದೆ, ಕ್ರೈಸ್ತನೇ ಕ್ರೈಸ್ತನಿಗೆ ಇಟ್ಟ ಗುರಿ ಅದು. ಆ ಬಳಿಕ ಎರಡು ಮೂರು ವರ್ಷಗಳಲ್ಲಿ ಅಫೊನ್ಸೊ ತೀರಿಕೊಂಡನು. ಮಗ ಪೆದ್ರೊ ಪಟ್ಟಕ್ಕೆ ಬಂದನು. 1545ರಲ್ಲಿ ಮೊಮ್ಮಗ ದಿಯೊಗೊ ಅವನನ್ನು ಕೆಳಗಿಳಿಸಿದನು. ರಾಜ್ಯವು ಮುಂದೆಯೂ ಬಹುಕಾಲ ಬಾಳಿತು. 1665ರ ಎಂಬ್ವಿಲಾ ಕಾಳಗದಲ್ಲಿ ಪೋರ್ಚುಗೀಸ್ ಪಡೆಯೆದುರು ಅರಸ ಅಂತೋನಿಯೊ ಮಡಿದ ಮೇಲೆ ಒಳಜಗಳಗಳಲ್ಲಿ ಛಿದ್ರವಾಯಿತು. ಆ ಜಗಳಗಳ ಸೆರೆಯಾಳುಗಳೂ ಹಡಗುಗಳನ್ನೇ ಸೇರಿದರು.

ಧರ್ಮಸಭೆಯ ಆತ್ಮಶೋಧನೆ

ಸುಮಾರು ಮೂರೂವರೆ ಶತಮಾನಗಳಲ್ಲಿ ಒಂದು ಕೋಟಿ ಇಪ್ಪತ್ತೈದು ಲಕ್ಷದಷ್ಟು ಆಫ್ರಿಕನ್ನರನ್ನು ಅಟ್ಲಾಂಟಿಕ್ ಹಡಗುಗಳಿಗೆ ಹತ್ತಿಸಲಾಯಿತೆಂದು ವಿದ್ವಾಂಸರು ಲೆಕ್ಕಹಾಕಿದ್ದಾರೆ. ಆಚೆಯ ದಡ ಮುಟ್ಟಿದವರು ಒಂದು ಕೋಟಿ ಏಳು ಲಕ್ಷದಷ್ಟು ಮಾತ್ರ. ಹತ್ತಿಸಲ್ಪಟ್ಟವರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನ ಕೊಂಗೊ ಮತ್ತು ಅಂಗೋಲಾದ ಕರಾವಳಿಯವರು.

ಈ ಪಾಪದಲ್ಲಿ ಧರ್ಮಸಭೆಯ ಪಾಲೂ ಇದೆ. 1455ರಲ್ಲಿ ಜಗದ್ಗುರು ಐದನೆಯ ನಿಕೋಲಾಸರು ಹೊರಡಿಸಿದ ಶಾಸನವು ಕ್ರೈಸ್ತರಲ್ಲದವರನ್ನು ದಾಸ್ಯಕ್ಕೆ ಗುರಿಪಡಿಸುವ ಅಧಿಕಾರವನ್ನು ಪೋರ್ಚುಗಲ್ಲಿಗೆ ಕೊಟ್ಟಿತ್ತು. 1534ರಲ್ಲಿ ಸ್ಥಾಪಿತವಾದ ಧರ್ಮಕ್ಷೇತ್ರದ ಪೀಠವೂ ಗುಲಾಮರ ದ್ವೀಪವಾದ ಸಾವೊ ತೊಮೆಯಲ್ಲಿಯೇ ನೆಲೆಗೊಂಡಿತು. ಕೊಂಗೊ ಅದರ ಅಧೀನವಾಯಿತು. 1537ರಲ್ಲಿ ಮೂರನೆಯ ಪೌಲರು ಅಮೆರಿಕದ ಮೂಲನಿವಾಸಿಗಳನ್ನೂ ಮುಂದೆ ಪತ್ತೆಯಾಗುವ ಜನರನ್ನೂ ದಾಸರನ್ನಾಗಿಸಬಾರದೆಂದು ಸಾರಿದರೂ ಆ ಧ್ವನಿ ಆಫ್ರಿಕಾದ ಬಂದರುಗಳನ್ನು ತಲುಪಲಿಲ್ಲ. 1680ರ ದಶಕದಲ್ಲಿ ಆಫ್ರಿಕಾದ ರಾಜವಂಶೀಯ ಲೊರೆನ್ಸೊ ದ ಸಿಲ್ವ ದೆ ಮೆಂದೊನ್ಸ ಎಂಬಾತನು ರೋಮಿಗೇ ಹೋಗಿ ಈ ಕ್ರೌರ್ಯದ ವಿರುದ್ಧ ಮನವಿ ಸಲ್ಲಿಸಿದನು. 1686ರಲ್ಲಿ ಪವಿತ್ರ ಪೀಠದ ಆಯೋಗವು ಅದನ್ನು ಎತ್ತಿಹಿಡಿದರೂ ದೊರೆಗಳು ಕಿವಿಗೊಡಲಿಲ್ಲ. ಹದಿನಾರನೆಯ ಗ್ರೆಗೋರಿಯವರು ಗುಲಾಮ ವ್ಯಾಪಾರವನ್ನು ನೇರವಾಗಿ ಖಂಡಿಸಿದ್ದು 1839ರಲ್ಲಿ. ಬ್ರೆಜಿಲ್ಲಿನಲ್ಲಿ ದಾಸ್ಯ ಕೊನೆಗೊಂಡದ್ದು 1888ರಲ್ಲಿ.

ಜಗದ್ಗುರು ಎರಡನೆಯ ಜಾನ್ ಪೌಲರು 1992ರ ಫೆಬ್ರವರಿಯಲ್ಲಿ ಸೆನೆಗಲ್ಲಿನ ಗೋರೆ ದ್ವೀಪದ ಗುಲಾಮರ ಮನೆಯಲ್ಲಿ ನಿಂತು ಕ್ಷಮೆ ಬೇಡಿದರು. ಅದೇ ವರ್ಷ ಜೂನ್ ತಿಂಗಳಲ್ಲಿ ಎಂಬಾಂಜಾ ಕೊಂಗೊದ ಪುರಾತನ ದೇವಾಲಯದ ಭಗ್ನಾವಶೇಷವನ್ನು ಸಂದರ್ಶಿಸಿದರು. 2009ರಲ್ಲಿ ಅಂಗೋಲಾಕ್ಕೆ ಬಂದ ಹದಿನಾರನೆಯ ಬೆನೆಡಿಕ್ಟರು ತಮ್ಮ ಪ್ರಬೋಧನೆಯಲ್ಲಿ ಅರಸ ಅಫೊನ್ಸೊವಿನ ವಿಶ್ವಾಸವನ್ನು ಸ್ಮರಿಸಿದರು. 2017ರಲ್ಲಿ ಆ ನಗರವು ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು.

ಆ ವಿಶ್ವಾಸವು ಕಡಲಾಚೆಗೂ ಸಾಗಿತೆಂಬುದು ಈ ಕಥೆಯ ಅತ್ಯಂತ ಮನಕಲಕುವ ಅಧ್ಯಾಯ. ಬ್ರೆಜಿಲ್ಲಿನ ಕಪ್ಪು ಜನರು ಜಪಮಾಲೆ ಮಾತೆಯ ಹೆಸರಿನಲ್ಲಿ ಸಹೋದರ ಸಂಘಗಳನ್ನು ಕಟ್ಟಿಕೊಂಡರು. ಹಬ್ಬದ ದಿನ ತಮ್ಮಲ್ಲೊಬ್ಬನಿಗೆ ಕಿರೀಟವಿಟ್ಟು ಕೊಂಗೊದ ಅರಸನೆಂದು ಮೆರೆಸಿದರು. ಯಜಮಾನರು ಅವರ ಹೆಸರನ್ನು ಕಸಿದುಕೊಂಡರು, ನುಡಿಯನ್ನು ಕಸಿದುಕೊಂಡರು. ಜಪಮಾಲೆಯನ್ನೂ ಅರಸನನ್ನೂ ಕಸಿದುಕೊಳ್ಳಲಾಗಲಿಲ್ಲ. ಆ ಮೆರವಣಿಗೆ ಇಂದಿಗೂ ನಡೆಯುತ್ತಿದೆ.

ನಮ್ಮ ಬಾಗಿಲಿನಲ್ಲಿ

ಇದು ದೂರದ ನಾಡಿನ ಕಥೆಯೆಂದು ಪುಟ ಮಗುಚುವಂತಿಲ್ಲ. 1512ರ ಆದೇಶಪತ್ರವನ್ನು ಬರೆಯಿಸಿದ ಮನುವೆಲ್ ದೊರೆಯ ಕಾಲದಲ್ಲಿಯೇ, 1510ರಲ್ಲಿ, ಗೋವಾ ಪೋರ್ಚುಗೀಸರ ವಶವಾಯಿತು. ಪೂರ್ವ ಆಫ್ರಿಕಾದ ಕರಾವಳಿಯಿಂದ ಹಿಡಿದು ತಂದ ಗುಲಾಮರು ಗೋವಾದ ಬಂದರಿನಲ್ಲಿಯೂ ಇಳಿದರು. ಅಂತಹವರಲ್ಲಿ ಹಲವರು ಒಡೆಯರಿಂದ ತಪ್ಪಿಸಿಕೊಂಡು ಘಟ್ಟದ ಕಾಡುಗಳನ್ನು ಸೇರಿದರು. ಹಳಿಯಾಳ, ಯಲ್ಲಾಪುರ, ಮುಂಡಗೋಡ ಸೀಮೆಯ ಸಿದ್ದಿ ಬಾಂಧವರು ಅವರ ಸಂತತಿ. ಅವರಲ್ಲಿ ಹಿಂದೂಗಳಿದ್ದಾರೆ, ಮುಸ್ಲಿಮರಿದ್ದಾರೆ, ನಮ್ಮೊಡನೆ ಒಂದೇ ಪೀಠದ ಮುಂದೆ ಮೊಣಕಾಲೂರುವ ಕ್ರೈಸ್ತರೂ ಇದ್ದಾರೆ. ಅವರನ್ನು ಈ ನಾಡಿನ ಮಕ್ಕಳೆಂದೇ ನಾವು ಕಂಡಿದ್ದೇವೆಯೇ ಎಂಬ ಪ್ರಶ್ನೆಗೆ ಪ್ರಾಮಾಣಿಕವಾಗಿ ಉತ್ತರಿಸುವುದು ಸುಲಭವಲ್ಲ. ಜೀತಪದ್ಧತಿಯನ್ನು ನಮ್ಮ ದೇಶ 1976ರಲ್ಲಿ ಕಾನೂನಿನ ಮೂಲಕ ರದ್ದುಮಾಡಿತು. ಆದರೂ ಸಾಲದ ಹೆಸರಿನಲ್ಲಿ ಮನುಷ್ಯನನ್ನು ಕಟ್ಟಿಹಾಕುವ ಸುದ್ದಿಗಳು ನಿಂತಿಲ್ಲ.

ಸಂತ ಪೌಲರು ಸೆರೆಮನೆಯಿಂದ ಫಿಲೆಮೋನನಿಗೆ ಬರೆದ ಪುಟ್ಟ ಪತ್ರವು ಓಡಿಹೋದ ದಾಸ ಒನೇಸಿಮನನ್ನು ಸಹೋದರನಾಗಿ ಬರಮಾಡಿಕೊಳ್ಳಬೇಕೆಂದು ಕೋರುತ್ತದೆ. ಫಿಲೆಮೋನನು ಏನು ಮಾಡಿದನೆಂದು ಬೈಬಲ್ ನಮಗೆ ತಿಳಿಸುವುದಿಲ್ಲ. ಲಿಸ್ಬನ್ನಿನ ದೊರೆ ಏನು ಮಾಡಿದನೆಂದು ನಮಗೆ ಗೊತ್ತು. ಅಫೊನ್ಸೊ ಎಲ್ಲಿಯವರೆಗೆ ಬಂದು ನಿಂತನೆಂಬುದೂ ಗೊತ್ತು. ಅವನು ತನ್ನ ಕಾಲದ ಅನೇಕ ದೊರೆಗಳಿಗಿಂತ ಮುಂದೆ ನಡೆದನು, ಆದರೆ ಶುಭಸಂದೇಶವು ಕರೆದಷ್ಟು ದೂರ ನಡೆಯಲಿಲ್ಲ. ನಮ್ಮ ಮರುಕದ ಗಡಿಯನ್ನು ನಾವು ಎಲ್ಲಿ ಎಳೆದಿದ್ದೇವೆ, ಅದರಾಚೆ ಯಾರನ್ನು ನಿಲ್ಲಿಸಿದ್ದೇವೆ? ಪರಮಪ್ರಸಾದಕ್ಕಾಗಿ ದ್ರಾಕ್ಷಾರಸವನ್ನೂ ಗೋಧಿಹಿಟ್ಟನ್ನೂ ಬೇಡಿ ಬರೆಯಿಸಿದ ಆ ಅರಸನ ಪತ್ರ ಐದು ಶತಮಾನಗಳ ನಂತರವೂ ಉತ್ತರಕ್ಕಾಗಿ ಕಾದಿದೆ. ಪ್ರತಿ ಭಾನುವಾರ ಅದೇ ದ್ರಾಕ್ಷಾರಸದ, ಅದೇ ಗೋಧಿಯ ಮುಂದೆ ನಿಲ್ಲುವ ನಾವು ಅದನ್ನು ಬರೆಯಬೇಕಾಗಿದೆ.